ರವಿವಾರ ಬಿಟ್ಟು ರವಿವಾರ

ಹಾನಗಲ್ಲ
11 ಜುಲೈ 2024, ಗುರುವಾರ

ಸವಣೂರಿನ ಹಟಮಾರಿ ಯಜಮಾನರಿಗೆ, ನಿಮ್ಮ ನೀಲಾಂಬಿಕಾಳ ಶರಣಾರ್ಥಿ.

ಫೋನು ಎತ್ತುವುದಿಲ್ಲ, ಮೆಸೇಜು ಓದಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವುದಾದರೂ ಓದಿ ಹಾಕಿರಿ.

ಮೊನ್ನೆ ನಿಮ್ಮ ತಮ್ಮ ಜಗದೀಶ ಇಲ್ಲಿಗೆ ವೀಳ್ಯದೆಲೆ ಮಾರಲು ಬಂದವನು ನಾನು ಕಲಿಸುವ ಶಾಲೆಗೂ ಬಂದಿದ್ದ. ನೆಲ ನೋಡುತ್ತ ಹೇಳಿದ: "ವೈನಿ, ಅಣ್ಣ ಇನ್ನ ಇಂಜೆಕ್ಷನ್ ಬ್ಯಾಡ ಅಂದಾನ್ರಿ. ನಿಮಗೂ ಬರಬ್ಯಾಡ ಅಂತ ಹೇಳಂದಾನ." ಹೆಂಡತಿಯ ಪಗಾರವೆಲ್ಲ ನಿಮ್ಮ ಬೆನ್ನಿಗೇ ಹೋಗುತ್ತದೆ ಎಂದು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಆಡಿಕೊಂಡರಂತೆ. ಆಡಿಕೊಳ್ಳಲಿ ಬಿಡ್ರಿ! ಅವರ ಬಾಯಿಗೆ ಹೆದರಿ ನೀವು ಬೆನ್ನು ಕಳೆದುಕೊಳ್ಳುತ್ತೀರಾ?

ಇಂಜೆಕ್ಷನ್ ಶುರುವಾಗುವ ಮುಂಚಿನ ಮುಂಜಾನೆಗಳು ಮರೆತವೇ? ಹಾಸಿಗೆಯಿಂದ ಎಬ್ಬಿಸಲು ನಾನೊಂದು ರಟ್ಟೆ, ಅತ್ತೆಯವರೊಂದು ರಟ್ಟೆ ಹಿಡಿಯಬೇಕಿತ್ತು. ಕುತ್ತಿಗೆ ಹೊರಳದೆ, ಇಡೀ ಮೈ ತಿರುಗಿಸಿ ನನ್ನನ್ನು ನೋಡುತ್ತಿದ್ದಿರಿ. ಬೆನ್ನಿನ ಬಾವು ಮತ್ತೆ ಏರಿದರೆ ಮೂಳೆ ಮೂಳೆ ಕೂಡಿಕೊಂಡುಬಿಡುತ್ತವೆ, ಆಮೇಲೆ ಯಾವ ಔಷಧಕ್ಕೂ ಬಿಡಿಸಲು ಬಾರದು ಎಂದು ಹುಬ್ಬಳ್ಳಿಯ ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ. ಈಗ ಎಲೆತೋಟದಲ್ಲಿ ಏಣಿ ಹತ್ತುತ್ತೀರಿ. ಅದನ್ನು ಬಿಟ್ಟುಕೊಡಲು ನಾನು ಒಪ್ಪುವುದಿಲ್ಲ.

"ಹೆಂಡ್ತಿ ಪಗಾರದಾಗ ಬದುಕಾಂವಲ್ಲ ನಾ" ಎಂದು ನೀವು ಊಟದ ತಾಟು ಎಸೆದ ಮೇಲೆಯೇ ನಾನು ಹಾನಗಲ್ಲಿಗೆ ವರ್ಗ ಮಾಡಿಸಿಕೊಂಡು ಬಂದದ್ದು. ಸಿಟ್ಟು ನನಗೂ ಇದೆ. ಆದರೂ ಜಗದೀಶನ ಕೈಯಲ್ಲಿ ಔಷಧ ಕಳಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆಯವರ ಪರಾಕ್ರಮ ನಡೆಯಿತು! ಹೋದ ವರ್ಷದ ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ಜು ನಿಂತಿತೆಂದು, ಇಂಜೆಕ್ಷನ್ನನ್ನು ಎಲೆ ಬುಟ್ಟಿಯಲ್ಲಿ ಹಸಿ ಗೋಣಿತಟ್ಟಿನ ಕೆಳಗೆ ಮಲಗಿಸಿದ್ದರು. "ಎಲಿ ವಾರಗಟ್ಟಲೆ ತಾಜಾ ಇರ್ತಾವು, ಇದಕ್ಕೇನ ಧಾಡಿ?" ಎಂದು ನನ್ನನ್ನೇ ಕೇಳಿದರು. ಎಲೆ ತಾಜಾ ಇತ್ತು, ಔಷಧ ಕೆಟ್ಟಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಂದಿನಿಂದ ಯಾರನ್ನೂ ನಂಬದೆ, ರವಿವಾರ ಬಿಟ್ಟು ರವಿವಾರ ಐಸಿನ ಡಬ್ಬಿಯಲ್ಲಿ ನಾನೇ ತರುತ್ತೇನೆ.

ನಾಚಿಕೆ ಬಿಟ್ಟು ಆ ರವಿವಾರಗಳ ಮಾತು ಹೇಳುತ್ತೇನೆ. ನೀವು ಪಡಸಾಲೆಯಲ್ಲಿ ಗೋಡೆಯತ್ತ ಮುಖ ತಿರುಗಿಸಿ ಕೂರುತ್ತೀರಿ. ನಾನು ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಚುಚ್ಚುತ್ತೇನೆ, ಹತ್ತಿ ಒತ್ತುತ್ತೇನೆ. ರಕ್ತ ನಿಂತ ಮೇಲೂ ಒತ್ತಿಕೊಂಡೇ ಇರುತ್ತೇನೆ. ಪ್ರತಿಸಲ "ಸಾಕು, ತಗೀ" ಅನ್ನುವ ನೀವು ಹೋದ ಸಲ ಅನ್ನಲಿಲ್ಲ. ಹಾನಗಲ್ಲ ಬರುವವರೆಗೂ ಬಸ್ಸಿನಲ್ಲಿ ಅದನ್ನೇ ನೆನೆಯುತ್ತಿದ್ದೆ. ನಿಮ್ಮ ಮೈಯ ಎಲೆ-ಸುಣ್ಣದ ವಾಸನೆ ಸೆರಗಿಗೆ ಹತ್ತಿರುತ್ತದೆ, ಆ ಸೀರೆಯನ್ನು ಬೇಗ ಒಗೆಯಲು ಹಾಕುವುದಿಲ್ಲ. ನನಗೆ ನೀವು ಬೇಕು, ಇಷ್ಟೇ.

ಬರುವ ರವಿವಾರ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕೂತು ಓಣಿಯವರ ಜೊತೆ ಹರಟೆ ಹೊಡೆಯುತ್ತೇನೆ, ಆಡಿಕೊಳ್ಳುವವರಿಗೆ ಹಬ್ಬವಾಗಲಿ. ಅತ್ತೆಯವರಿಗೆ ನಮಸ್ಕಾರ ತಿಳಿಸಿರಿ.

ಈಗಲೂ ನಿಮ್ಮವಳೇ,
ನೀಲಾಂಬಿಕಾ

ತಾ.ಕ.: ಪಗಾರದ ಮಾತಿಗಾಗಿ ನೀವು ಔಷಧವನ್ನೇ ಬಿಡುವುದಾದರೆ ಇನ್ನು ಮುಚ್ಚಿಡಲಾರೆ. ಆ ದುಬಾರಿ ಇಂಜೆಕ್ಷನ್ ತರುವುದನ್ನು ಬಿಟ್ಟು ವರ್ಷವಾಗುತ್ತ ಬಂತು. ಅದೇ ಔಷಧವನ್ನು ಬೇರೆ ಕಂಪನಿ ಬಹಳ ಕಡಿಮೆ ದರಕ್ಕೆ ಮಾಡುತ್ತದೆ, ನಿಮ್ಮ ರಿಪೋರ್ಟು ತೋರಿಸಲು ನಾನೊಬ್ಬಳೇ ಹೋದಾಗ ಡಾಕ್ಟರೇ ಬರೆದುಕೊಟ್ಟರು. ಎಲೆತೋಟದ ದುಡಿಮೆಯಲ್ಲೇ ನಿಮಗೆ ನೀಗುತ್ತದೆ. ಸವಣೂರಿನ ಔಷಧ ಅಂಗಡಿಯವರು ತರಿಸಿಕೊಡುತ್ತಾರೆ, ಚುಚ್ಚಲು ಅಲ್ಲಿಯ ನರ್ಸ್ ಬಾಯಿಯವರೂ ಒಪ್ಪಿದ್ದಾರೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನಾನು ಯಾವ ನೆಪ ಮಾಡಿಕೊಂಡು ಬರಬೇಕಿತ್ತು?