ನಿನ್ನೆಯ ನೀರು

ನನ್ನ ಅಕ್ಕನಿಗೆ,

ಮದುವೆಯಾಗಿ ಬಾವನ ಜೊತೆ ಉತ್ತರದ ಯುರೇನಿಯಂ ಗಣಿಯ ಕಾಲನಿಗೆ ಹೊರಟ ದಿನ ಅಮ್ಮ ಹೇಳಿದ್ದು ನೆನಪುಂಟಾ? "ಯಾವ ಊರಾದರೂ ಸರಿ, ನಿನ್ನೆಯ ನೀರು ಯಾರಿಗೂ ಕೊಡಬೇಡ. ಬೆಳಿಗ್ಗೆ ಕೊಡಪಾನ ಚೆಲ್ಲಿ, ತೊಳೆದು, ಹೊಸ ನೀರು ತುಂಬು." ಬಿಜೈಯ ನಮ್ಮ ಮನೆಯ ಕ್ರಮ ಅದು. ನೀನು ಅಲ್ಲಿಯೂ ತಪ್ಪಿಸಲಿಲ್ಲ. ಬಾವಿಯಿಂದ ಸೇದಿದ್ದು ನೇರ ಲೋಟಕ್ಕೆ. ಮಗು ಸುಮಾಳಿಗೂ ಅದೇ.

ಕ್ಯಾನ್ಸರ್ ಕಾಯಿಲೆ ಬಿದ್ದು ನೀನು ಮಗುವಿನ ಜೊತೆ ಇಲ್ಲಿಗೆ ಬಂದು ಮಲಗಿದಾಗಲೂ ಆ ಬಾವಿಯನ್ನು ಹೊಗಳುತ್ತಿದ್ದೆ. "ಕಲ್ಲಿನ ಒಳಗಿಂದ ಬರುವ ನೀರು, ಎಷ್ಟು ತಂಪು ಗೊತ್ತುಂಟಾ!" ನೀನು ತೀರಿಹೋಗಿ ಬೊಜ್ಜದ ಕ್ರಿಯೆ ಮುಗಿದ ಮೇಲೆ ಹಂಪನಕಟ್ಟೆ ಪೇಟೆಯಲ್ಲಿ ನನಗೊಂದು ಪ್ಯಾಂಪ್ಲೆಟ್ ಸಿಕ್ಕಿತು. ಯುರೇನಿಯಂ ಇರುವ ಕಲ್ಲಿನಿಂದ ಕ್ಯಾನ್ಸರ್ ತರಬಲ್ಲ ರೇಡಾನ್ ಎಂಬ ಅನಿಲ ಹುಟ್ಟಿ ಬಾವಿಯ ನೀರಿಗೆ ಸೇರುತ್ತದಂತೆ. ಆಗತಾನೆ ಸೇದಿದ ನೀರಿನಲ್ಲೇ ಅದು ಹೆಚ್ಚು. ಕುದಿಸಿದರೆ, ಕೆಲವು ದಿನ ಇಟ್ಟರೆ, ಕಡಿಮೆಯಾಗುತ್ತದೆ. ಅಂದರೆ ನೀನು ದಿನಾ ಚೆಲ್ಲಿದ್ದೇ ಕುಡಿಯಬೇಕಾದ ನೀರು...

ಬಾವ ಸುಮಾಳನ್ನು ಕರೆದೊಯ್ಯಲು ಬಂದಾಗ ನಾನು ಸುಮ್ಮನಿರಲಿಲ್ಲ. "ಎಂತ ಬಾವ, ಮಗುವಿಗೆ ಪುನಃ ಅದೇ ನೀರಾ?"

"ಅಲ್ಲಿ ಎಲ್ಲರೂ ಕುಡಿಯುವುದು ಅದನ್ನೇ ಮಾರಾಯ. ನಿನ್ನ ಪ್ಯಾಂಪ್ಲೆಟ್ ಬರೆದವನು ಬಂದು ನಳ್ಳಿ ನೀರಿನ ಪೈಪು ಹಾಕಿಸ್ತಾನಾ?"

ಅಮ್ಮ ಒಳಗಿಂದ ಬಂದರು. "ನನ್ನ ಮಗಳು ಶುಚಿಯಾಗಿ ಇದ್ದದ್ದಕ್ಕೇ ಸತ್ತಳು ಅಂತೀಯಾ?"

ಡಾಕ್ಟರು ಹಾಗೆ ಹೇಳಲಿಲ್ಲ. ಪ್ಯಾಂಪ್ಲೆಟ್ಟೂ ಹೇಳುವುದಿಲ್ಲ. ಆ ಬಾವಿಯನ್ನು ಯಾರೂ ಅಳೆದೇ ಇಲ್ಲ. ಅದಿರು ಅಳೆಯಲು ಗಣಿಯವರಲ್ಲಿ ಯಂತ್ರ ಉಂಟು. ಕೂಲಿಯವನ ಹೆಂಡತಿಯ ಕೊಡಪಾನದ ಹತ್ತಿರ ಅದನ್ನು ಯಾರು ತರುತ್ತಾರೆ?

ಹೋದ ವಾರ ರೈಲ್ವೆ ಸ್ಟೇಷನ್ನಿನಲ್ಲಿ, ಬಾವ ಪೆಟ್ಟಿಗೆ ಮೇಲಿಟ್ಟು ಕೈಚಾಚಿದಾಗ, ಅಮ್ಮ ಸುಮಾಳನ್ನು ಕೊಡಲಿಲ್ಲ. "ಮಗು ಇಲ್ಲೇ ಇರಲಿ." ಅಷ್ಟೇ. ಆ ಮಾತು ಹೇಳಲು ಅಮ್ಮ ನನ್ನನ್ನು ನಂಬಬೇಕಾಯಿತು. ನಂಬಿದ ಮೇಲೆ, ನಿನಗೆ ತಾನೇ ಕಲಿಸಿದ್ದನ್ನು ಎಲ್ಲಿ ಇಡುವುದು? ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಊಟದ ಬಟ್ಟಲು ಇಟ್ಟು ಒಳಗೆ ಹೋಗುತ್ತಾರೆ.

ರೈಲು ಹೊರಡುವಾಗ ಬಾವ ಕಿಟಕಿಯಿಂದ ಹೇಳಿದರು, ನಿನಗೆ ಖುಷಿಯಾಗುವ ಸುದ್ದಿ ಎಂಬಂತೆ: ಕಾಲನಿಯಲ್ಲಿ ನಿಮ್ಮ ಪಕ್ಕದ ಮನೆಯ ಹುಡುಗಿ ಈಗ ಬಸುರಿಯಂತೆ, ನಿನ್ನನ್ನು ನೋಡಿ ಕಲಿತು ಅವಳೂ ದಿನಾ ಬೆಳಿಗ್ಗೆ ಕೊಡ ಚೆಲ್ಲಿ ತಾಜಾ ನೀರು ಸೇದುತ್ತಾಳಂತೆ.

ಮುಂದಿನ ತಿಂಗಳು ನಾನು ಅಲ್ಲಿಗೆ ಹೋಗುತ್ತೇನೆ. ಬಾವಿ ಅಳೆಯಿರಿ ಎಂದು ಕೇಳಲು ಗಣಿಯ ಸಾಹೇಬರ ಬಾಗಿಲಿಗೆ ಆಮೇಲೆ. ಮೊದಲು ಅವಳ ಬಾಗಿಲಿಗೆ. ನಿನ್ನ ತಮ್ಮನೆಂದು ಹೇಳಿದರೆ ಅವಳು ಲೋಟ ತುಂಬಿ ತಂದಾಳು, ಅಕ್ಕಾ. ಕುಡಿಯದೆ, ನಿನ್ನ ಹೆಸರು ಕೆಡಿಸದೆ, ಕೊಡ ಚೆಲ್ಲಬೇಡ, ಕುದಿಸಿ ಇಟ್ಟು ಕುಡಿ ಎಂದು ಹೇಳಿಯೇ ಬರುತ್ತೇನೆ.

ನಿನ್ನ ತಮ್ಮ