ನಾಲಿಗೆರಾಯರ ಐವತ್ತು ಹೋಟೆಲುಗಳು

ಮಂಗಳವಾರ, ಮಧ್ಯಾಹ್ನ

ಭೋಜನಸಾರ್ವಭೌಮ, ಅಂಕಣವೀರ, ಶ್ರೀಮಾನ್ ನಾಲಿಗೆರಾಯರ ಸನ್ನಿಧಾನಕ್ಕೆ,

ಮನೆ ಬಿಟ್ಟುಹೋದ ಗಂಡನ ಕ್ಷೇಮವನ್ನು ಹೆಂಡತಿ ಮೊದಲು ಕೇಳಬೇಕಂತೆ. ಕೇಳುವುದಿಲ್ಲ. ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಕ್ಷೇಮ ಜಗಜ್ಜಾಹೀರಾಗಿದೆ.

ಶುಕ್ರವಾರ ಅಚ್ಚಿಗೆ ಹೋಗುವ ನಿಮ್ಮ ಪುಸ್ತಕ, ‘ಈ ನಗರದ ಐವತ್ತು ಕೊರಿಯನ್ ಹೋಟೆಲುಗಳು’. ಅದರ ಮುಖಪುಟದಲ್ಲಿ ನನ್ನ ಹೆಸರಿರಬೇಕು. ನಾನು ಕೇಳುವುದು ಅದೊಂದೇ. ಹೋದ ತಿಂಗಳು ಇದನ್ನೇ ಕೇಳಿದಾಗ ಪ್ರಕಾಶಕರೆದುರು ನೀವಾಡಿದ ಮಾತು ಇನ್ನೂ ಕಿವಿಯಲ್ಲಿ ಕುದಿಯುತ್ತಿದೆ: “ಇವಳದೇನಿದೆ ಇದ್ರಲ್ಲಿ? ನನ್ ಜೊತೆ ಬಂದು ಉಂಡಿದ್ದಾಳೆ, ಅಷ್ಟೇ.”

ಉಂಡೆನೇ? ಎಂಟು ವರ್ಷದ ಹಿಂದೆ ಜ್ವರವೊಂದು ನಿಮ್ಮ ರುಚಿಯನ್ನೆಲ್ಲ ಹೊತ್ತುಕೊಂಡು ಹೋದಾಗ, ಸಕ್ಕರೆಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದೆ, ಅಂಕಣ ಕೈತಪ್ಪುತ್ತದೆಂದು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತವರು ಯಾರು? ಬೀದಿಗಿಳಿದವಳು ನಾನು. ಬಂದರಿನ ಹಿಂದಿನ ಓಣಿ, ರೈಲು ಸೇತುವೆಯ ಕೆಳಗಿನ ಸಾಲು, ಹೊಲಿಗೆ ಕಾರ್ಖಾನೆಗಳ ಬಡಾವಣೆ, ಎಲ್ಲೆಡೆ ಚಪ್ಪಲಿ ಸವೆಸಿದೆ. ಬೋರ್ಡು ನೋಡಿ ಒಳಗೆ ಹೋದವಳಲ್ಲ; ಕೊರಿಯಾದ ಕೆಲಸಗಾರರು ಮಧ್ಯಾಹ್ನ ಯಾವ ಮೆಟ್ಟಿಲು ಹತ್ತುತ್ತಾರೆಂದು ಕಾದು ನೋಡಿ ಹೋದವಳು. ಅವರ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಬೆಳಿಗ್ಗೆ ಕಲಸಿದ್ದೋ, ತಿಂಗಳು ಕಳೆದು ಹುಳಿ ಬಂದದ್ದೋ, ಹೇಳುವವಳು ನಾನು, ಬರೆಯುವವರು ನೀವು. ಮೇಜಿನ ಕೆಳಗೆ ನಾನು ನಿಮ್ಮ ಪಾದ ಒಮ್ಮೆ ತುಳಿದರೆ ಭೇಷ್, ಎರಡು ಸಲ ತುಳಿದರೆ ಜಾಗ ಖಾಲಿ ಮಾಡಿ!

ಮನೆ ಬಿಟ್ಟು ಹೋಗುವಾಗ ನನ್ನ ವಿಳಾಸದ ನೋಟ್‌ಬುಕ್ಕನ್ನೂ ಎತ್ತಿಕೊಂಡು ಹೋದಿರಿ. ಅದನ್ನು ನೋಡಿ ಸೇತುವೆ ಕೆಳಗಿನ ಅಜ್ಜಿಯ ಹೋಟೆಲಿಗೆ ಒಬ್ಬರೇ ಹೋದಿರಿ, ಮೂಳೆ ಸೂಪು ಕುಡಿದಿರಿ, ಮೀಸೆ ತಿರುವಿ ಭಾನುವಾರದ ಅಂಕಣದಲ್ಲಿ ಬರೆದಿರಿ: ‘ಉಪ್ಪಿನ ಹದದಲ್ಲಿ ಈ ಅಜ್ಜಿಯ ಕೈಗೆ ಸಾಟಿಯಿಲ್ಲ.’

ಮಹಾನುಭಾವರೇ, ಆ ಸೂಪಿಗೆ ಅಜ್ಜಿ ಉಪ್ಪೇ ಹಾಕುವುದಿಲ್ಲ. ಹಾಲಿನಂತೆ ಬೆಳ್ಳಗೆ, ಸಪ್ಪಗೆ ಬರುತ್ತದೆ. ಉಣ್ಣುವವರೇ ಮೇಜಿನ ಮೇಲಿನ ಉಪ್ಪು ಬೆರೆಸಿಕೊಳ್ಳಬೇಕು. ನೋಡುವವರಿಗೆ ಅನುಮಾನ ಬಾರದಿರಲೆಂದು ಇಷ್ಟು ವರ್ಷ ನಿಮ್ಮ ಬಟ್ಟಲಿಗೂ ನಾನೇ ಬೆರೆಸಿದ್ದೆ. ನನ್ನ ಕೈ ಮಾಡುತ್ತಿದ್ದ ಆ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರಲಿಲ್ಲ, ಪಾಪ.

ಅಜ್ಜಿ ನನಗೆ ಹೇಳಿದಳು: “ನಿನ್ ಗಂಡ ಉಪ್ಪಿನ ಡಬ್ಬಿ ಕಡೆ ತಿರುಗೂ ನೋಡ್ಲಿಲ್ಲ ಕಣೇ. ತಳ ಕಾಣೋ ತನಕ ಕುಡಿದು, ಆಹಾ ಅಂದ.”

ಗುರುವಾರದೊಳಗೆ ಪ್ರಕಾಶಕರ ಬಳಿ ಹೋಗಿ ನೀವೇ ನಿಜ ಹೇಳಿ. ಹೇಳುವ ಗಂಡಸುತನವಿದ್ದರೆ.

ಎಂಟು ವರ್ಷ ನಿಮ್ಮ ನಾಲಿಗೆಯಾಗಿದ್ದ,
ನಿಮ್ಮ ಹೆಂಡತಿ

ತಾ.ಕ.: ಅಜ್ಜಿ ಹೇಳಿದಳೆಂದು ಬರೆದದ್ದು ಅರ್ಧ ಸತ್ಯ. ನೀವು ಮೇಜು ಕಾದಿರಿಸಿದ ಸುದ್ದಿ ತಿಳಿದು, ಆ ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹಿಂದೆ ನಾನೇ ನಿಂತಿದ್ದೆ. ಉಪ್ಪು ಹಾಕಿಕೊಳ್ಳಪ್ಪಾ ಎನ್ನಲು ಹೊರಟ ಅಜ್ಜಿಯ ಕೈ ಹಿಡಿದು ನಿಲ್ಲಿಸಿದವಳೂ ನಾನೇ. ಬಾಗಿಲ ಹಿಂದೆ ನನ್ನ ಪಕ್ಕದಲ್ಲೇ, ನಾನು ಕರೆತಂದ ನಿಮ್ಮ ಪ್ರಕಾಶಕರೂ ಇದ್ದರು. ಅವರ ಕೈಯಲ್ಲೂ ಅದೇ ಸೂಪಿನ ಬಟ್ಟಲಿತ್ತು. ಒಂದು ಗುಟುಕಿಗೇ ಸಪ್ಪೆಯೆಂದು ಕೆಳಗಿಟ್ಟರು. ಭಾನುವಾರ ನಿಮ್ಮ ಅಂಕಣ ಓದಿ ಮನೆಗೆ ಬಂದು, ಮುಖಪುಟದಲ್ಲಿ ನನ್ನ ಹೆಸರಿನ ಜೊತೆ ನಿಮ್ಮದೂ ಬೇಕೇ ಎಂದು ನನ್ನನ್ನು ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.