ಎರಡು ಮೊಳ ಮಲ್ಲಿಗೆ

೧೮ ಏಪ್ರಿಲ್ ೧೯೬೧, ಮಂಗಳವಾರ. ಕೋರಮಂಡಲ್ ಚಿನ್ನದ ಗಣಿ.

ಇವತ್ತೂ ಅತ್ತೆ ನನ್ನ ಸಾರು ಮುಟ್ಟಲಿಲ್ಲ. ವಾರಗಿತ್ತಿ ಕದಿರಕ್ಕ ಕೊಟ್ಟ ಅಂಬಲಿಯನ್ನು ಮಾತ್ರ ಲೋಟ ಪೂರ್ತಿ ಕುಡಿದರು. ನನಗಾದ ಹೊಟ್ಟೆಕಿಚ್ಚನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಮೊಣಕಾಲೂರಿಸುತ್ತಿದ್ದರು. ಎದೆಯ ಕ್ಯಾನ್ಸರಿಗೆ ಮದರಾಸಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ವಿಕಿರಣ, ಕೊಟ್ಟಾಗಿನಿಂದ ಅತ್ತೆಯ ಬಾಯಿಗೆ ಎಲ್ಲವೂ ತುಕ್ಕು ಕಬ್ಬಿಣವಂತೆ. ಅಂಬಲಿ ಮಾತ್ರ ಹೇಗೆ ಇಳಿಯುತ್ತದೆ?

ಸಂಜೆ ಕೇಳಿಯೇಬಿಟ್ಟೆ. ಕದಿರಕ್ಕ ನಕ್ಕಳು.

"ನೀನು ಅತ್ರ ಬಂದ್ರೆ ಅತ್ತೆಗೆ ವಾಕರಿಕೆ ಬತ್ತದೆ ಕಣೇ, ನಿನ್ನ ಮಲ್ಲಿಗೆ ವಾಸ್ನೆಗೆ. ಒಸ ಸೊಸೆಗೆ ಹೂ ತೆಗಿ ಅನ್ನಬಾರ್ದು ಅಂತ ಬಾಯಿ ಮುಚ್ಕೊಂಡವ್ರೆ."

ಇವರು ರಾಬರ್ಟ್‌ಸನ್‌ಪೇಟೆಯಿಂದ ದಿನಾ ಆಸೆಯಿಂದ ತರುವ ಹೂವು! ತೆಗೆದು ದೇವರ ಪಟಕ್ಕೆ ಮುಡಿಸಿದೆ. ನಾಳೆ ಲೋಟ ಹಿಡಿಯುವವಳು ನಾನೇ. ಆದರೆ ಕದಿರಕ್ಕನಿಗೆ ಮೊದಲೇ ಗೊತ್ತಿತ್ತಲ್ಲ, ಇಷ್ಟು ದಿನ ನನಗೇಕೆ ಹೇಳಲಿಲ್ಲ?